ಅಳಿಸದ ಗೀಟು

"ಗೀಟು ಅಳಿಸೋವರೆಗೂ ಗೇಟು ತೆಗೆಯಲ್ಲ ಸಾಹೇಬ್ರೇ. ನೀವಾದ್ರೂ ಅಷ್ಟೇ."

ಸೈಕಲ್ ಅಕ್ಕ ಕುಕ್ಕರಗಾಲಿನಲ್ಲಿ ಕೂತು, ಸೀಮೆಸುಣ್ಣದಿಂದ ಮುಂದಿನ ಚಕ್ರದ ರಿಮ್ಮಿನ ಮೇಲೆ ಒಂದು ಗೀಟೆಳೆದಳು. ಹಿಂದಿನ ಚಕ್ರಕ್ಕೂ ಒಂದು ಎಳೆದಳು. ಬಾಡಿಗೆಗೆ ಸೈಕಲ್ ಒಯ್ಯುವವರು ಯಾರೇ ಇರಲಿ, ಅಂಗಳದಲ್ಲಿ ಎರಡು ಸುತ್ತು ಹೊಡೆದು ಎರಡೂ ಬ್ರೇಕ್ ಹಿಡಿದು ತೋರಿಸಬೇಕು. ಬ್ರೇಕಿನ ರಬ್ಬರು ರಿಮ್ಮಿಗೆ ಸರಿಯಾಗಿ ತಾಗಿದರೆ ಗೀಟು ತಾನಾಗಿ ಅಳಿಸಿಹೋಗುತ್ತದೆ. ಅಳಿಸದಿದ್ದರೆ ಸೈಕಲ್ಲು ಅಂಗಳ ಬಿಟ್ಟು ಕದಲುವ ಹಾಗಿಲ್ಲ. ಹದಿನೆಂಟು ವರ್ಷದಿಂದ ಅವಳ ಅಂಗಡಿಯ ಪದ್ಧತಿಯೇ ಇದು.

ಇನ್ನು ನಾಲ್ಕೂವರೆ ಗಂಟೆ ಕಳೆದರೆ, ಅಂದರೆ ಬೆಳಿಗ್ಗೆ ಒಂಬತ್ತಕ್ಕೆ, ಇದೇ ಅಕ್ಕನನ್ನು ಪೊಲೀಸರು ಜೀಪು ಹತ್ತಿಸುವವರಿದ್ದರು. ನಿನ್ನೆ ಇದೇ ಹೊತ್ತಿಗೆ ಇಲ್ಲಿಂದ ಹೊರಟ ಪ್ರವಾಸಿ ಮೇಷ್ಟ್ರೊಬ್ಬರು ಒಂಬತ್ತನೇ ತಿರುವಿನಲ್ಲಿ ಕಣಿವೆಗೆ ಬಿದ್ದಿದ್ದರು. ಬ್ರೇಕಿಲ್ಲದ ಸೈಕಲ್ ಕೊಟ್ಟು ಕೊಂದವಳು ಇವಳೇ ಎಂದು ದೂರು ದಾಖಲಾಗಿತ್ತು.

ಬ್ರೇಕ್ ಸಾಹೇಬರು ತಕರಾರಿಲ್ಲದೆ ಎರಡು ಸುತ್ತು ಹೊಡೆದರು. ಮೂವತ್ತೊಂದು ವರ್ಷ ಬಸ್ಸು ಲಾರಿಗಳ ಬ್ರೇಕ್ ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡುತ್ತಿದ್ದ ಇನ್ಸ್‌ಪೆಕ್ಟರು ಅವರು. ನಿವೃತ್ತರಾಗಿ ಎರಡು ವರ್ಷವಾದರೂ ಹೆಸರು ಬಿಟ್ಟುಹೋಗಿರಲಿಲ್ಲ. ಗಂಟಲೂ ಅಷ್ಟೇ. ಓಡುವ ಇಂಜಿನ್ನುಗಳ ಮಧ್ಯೆ ಕೂಗಿ ಕೂಗಿ ಪಳಗಿದ ಗಂಟಲು. ಅವರು ಗುಟ್ಟು ಹೇಳಿದರೂ ಪಕ್ಕದ ಬೀದಿಗೆ ಕೇಳಿಸಬೇಕು. ಹೆಂಡತಿಯ ಜೊತೆ ಬೆಟ್ಟ ನೋಡಲು ಬಂದು ನಾಲ್ಕು ದಿನವಾಗಿತ್ತು. ಬೆಟ್ಟವನ್ನು ನೆಟ್ಟಗೆ ನೋಡಿದ್ದು ಮೊದಲನೇ ದಿನ ಮಾತ್ರ.

"ಒಂಬತ್ತರೊಳಗೆ ಸಾಕ್ಷಿ ತಂದೇ ತರ್ತೀನಿ. ಧೈರ್ಯವಾಗಿರಮ್ಮ," ಎಂದರು.

"ನನಗೋಸ್ಕರ ಯಾಕೆ ಒದ್ದಾಡ್ತೀರಿ? ಎರಡು ದಿನ ಕೂಡಿಹಾಕ್ತಾರೆ, ಆಮೇಲೆ ಬಿಡ್ತಾರೆ." ಅವಳು ಗೇಟಿನ ಅಗುಳಿ ಸರಿಸಿದಳು. ಜೈಲಿಗೆ ಹೊರಟವಳ ಮುಖದಲ್ಲಿ ಇರಬೇಕಾದ ಗಾಬರಿ ಕಾಣಲಿಲ್ಲ. ಪಾಪ, ಗಟ್ಟಿ ಹೆಂಗಸು ಅಂದುಕೊಂಡರು ಸಾಹೇಬರು. ಅದೇ ಅವರು ಮಾಡಿದ ಮೊದಲ ತಪ್ಪು.

ಒದ್ದಾಟಕ್ಕೆ ಕಾರಣವಿತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಕಣಿವೆಗೆ ಉರುಳಿದ ಒಂದು ಬಸ್ಸಿನ ವರದಿಯಲ್ಲಿ ಅವರು 'ಬ್ರೇಕ್ ಫೇಲ್' ಎಂದು ಎರಡೇ ಪದ ಬರೆದು ಸಹಿ ಹಾಕಿದ್ದರು. ಡಿಪೋದ ಮೆಕ್ಯಾನಿಕ್ಕು ಮೂರು ವರ್ಷ ಜೈಲಿನಲ್ಲಿ ಕೊಳೆತ. ಡ್ರೈವರು ತೂಕಡಿಸಿದ್ದ ಎಂಬುದು ಆಮೇಲೆ ತಿಳಿಯಿತು, ತಿಳಿದು ಏನು ಬಂತು? ಆ ಎರಡು ಪದ ಬರೆಯುವುದು ಎಷ್ಟು ಸಲೀಸೆಂದು ಅವರಷ್ಟು ಚೆನ್ನಾಗಿ ಬಲ್ಲವರಿಲ್ಲ. ನಿನ್ನೆ ಸಂಜೆ ಠಾಣೆಯಲ್ಲಿ ಅವೇ ಪದಗಳು ಮತ್ತೆ ಕಿವಿಗೆ ಬಿದ್ದಿದ್ದವು. ಹಾಸಿಗೆಯಲ್ಲಿ ಹೊರಳಾಡಿ ಹೊರಳಾಡಿ ಮೂರೂವರೆಗೇ ಎದ್ದು ಕೂತಿದ್ದರು.

ಠಾಣೆಯ ಹಿಂದೆ ಗೋಡೆಗೆ ಒರಗಿಸಿಟ್ಟಿದ್ದ ಮೇಷ್ಟ್ರ ಸೈಕಲ್ಲನ್ನು ಅವರು ಕಾಡಿ ಬೇಡಿ ನೋಡಿದ್ದರು. ಹ್ಯಾಂಡಲ್ ತಿರುಚಿತ್ತು, ಸೀಟು ಹರಿದಿತ್ತು. ಆದರೆ ಎರಡೂ ರಿಮ್ಮಿನ ಮೇಲೆ ಸೀಮೆಸುಣ್ಣದ ಗೀಟು ಈಗಷ್ಟೇ ಎಳೆದಂತೆ ಉಳಿದಿತ್ತು.

ಠಾಣೆಯ ಅಧಿಕಾರಿ ಬೀಗಿದ. "ಬ್ರೇಕು ರಿಮ್ಮಿಗೆ ತಾಗೇ ಇಲ್ಲ ಅನ್ನೋಕೆ ಇದಕ್ಕಿಂತ ಬೇಕಾ?" ಪಕ್ಕದಲ್ಲಿ ಮೇಷ್ಟ್ರ ಭಾವಮೈದುನ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದ. ಕಟ್ಟಡಗಳ ಕಂಟ್ರಾಕ್ಟರು, ಒಳ್ಳೆಯ ಮೈಕಟ್ಟು. ಭಾವನನ್ನು ಸುತ್ತಾಡಿಸಲು ಬೆಟ್ಟಕ್ಕೆ ಕರೆತಂದವನು ಅವನೇ. ಈಗ ಮೇಷ್ಟ್ರ ಹೆಂಡತಿಗೆ, ತನ್ನ ಒಡಹುಟ್ಟಿದ ಅಕ್ಕನಿಗೆ, ಯಾವ ಮುಖ ತೋರಿಸಲಿ ಎಂದು ಬಿಕ್ಕಳಿಸುತ್ತಿದ್ದ. ಹೆಣ ಸಿಕ್ಕಿರಲಿಲ್ಲ. ಒಂದು ಕಾಲಿನ ಶೂ ಮಾತ್ರ ಸಿಕ್ಕಿತ್ತು. ಕೆಳಗಿನ ಹೊಳೆ ಮಿಕ್ಕದ್ದನ್ನು ಕೊಚ್ಚಿಕೊಂಡು ಹೋಗಿದೆ ಎಂದು ಎಲ್ಲರೂ ಒಪ್ಪಿದರು.

ಸಾಹೇಬರು ಒಬ್ಬರೇ ಒಪ್ಪಲಿಲ್ಲ.

ರಸ್ತೆ ಊರಿನ ಅಂಚಿನಲ್ಲೇ ಕೆಳಕ್ಕೆ ಮುಗ್ಗರಿಸುತ್ತಿತ್ತು. ಸೈಕಲ್ಲಿನ ಪುಟ್ಟ ದೀಪ ಹತ್ತು ಮಾರು ದೂರ ತೋರಿಸುತ್ತಿತ್ತು, ಅದರಾಚೆ ಕತ್ತಲು. ಗಾಳಿ ಕಿವಿಯನ್ನು ಕೊಯ್ಯುತ್ತಿತ್ತು. ಮೊದಲ ತಿರುವಿಗೇ ಬೆರಳುಗಳು ಮರಗಟ್ಟಿದವು, ಎರಡನೆಯದಕ್ಕೆ ಬರುವಷ್ಟರಲ್ಲಿ ಬ್ರೇಕಿನ ರಬ್ಬರು ಬಿಸಿಯಾದ ವಾಸನೆ ಮೂಗಿಗೆ ಬಡಿಯಿತು. ಆ ವಾಸನೆ ಹೊಡೆದರೆ ಅವರಿಗೆ ಆಫೀಸಿಗೆ ಹೋದಷ್ಟೇ ಖುಷಿ.

ಎರಡನೇ ತಿರುವು ಇನ್ನು ಇಪ್ಪತ್ತು ಮಾರು ಇದೆ ಅನ್ನುವಾಗ ಅವರು ಬೇಕೆಂದೇ ಬ್ರೇಕ್ ಬಿಟ್ಟರು.

ಅರವತ್ತೆರಡರ ವಯಸ್ಸಿಗೆ ಅಂಥ ಬುದ್ಧಿ ಯಾಕೆ ಬಂತೋ. ಸೈಕಲ್ಲು ಹಗ್ಗ ಕಡಿದುಕೊಂಡ ಕರುವಿನ ಹಾಗೆ ನೆಗೆಯಿತು. ಮನಸ್ಸಿನಲ್ಲಿ ಐದರವರೆಗೆ ಎಣಿಸಬೇಕೆಂದಿದ್ದರು. ಮೂರಕ್ಕೇ ಬಾಯಿ ಒಣಗಿತು. ಎರಡೂ ಬ್ರೇಕ್ ಜಗ್ಗಿದಾಗ ಮುಂದಿನ ಚಕ್ರ ತಡೆಗೋಡೆಯಿಂದ ಗೇಣು ದೂರದಲ್ಲಿ ನಿಂತಿತು.

ಬ್ರೇಕಿಲ್ಲದ ಸೈಕಲ್ಲಾಗಿದ್ದರೆ ಮೇಷ್ಟ್ರು ಬೀಳಬೇಕಾದದ್ದು ಇಲ್ಲಿ, ಎರಡನೇ ತಿರುವಿನಲ್ಲಿ. ಇದೂ ಸೇರಿ ಏಳು ತಿರುವು ದಾಟಿ ಒಂಬತ್ತಕ್ಕೆ ಹೋಗಲು ಅವರೇನು ಹಕ್ಕಿಯೇ?

ನಾಲ್ಕನೇ ತಿರುವಿನಲ್ಲಿ ಇನ್ನೊಂದು ಸಂಗತಿ ಕಾದಿತ್ತು. ಬಂಡೆಯಿಂದ ಒಸರುವ ನೀರು ರಸ್ತೆಗೆ ಅಡ್ಡಲಾಗಿ ಹರಿಯುತ್ತಿತ್ತು, ಅಂಗೈ ಆಳ, ಕೆಂಪು ರಾಡಿ. ತಪ್ಪಿಸಿಕೊಂಡು ಹೋಗಲು ಜಾಗವೇ ಇರಲಿಲ್ಲ. ದಾಟಿ ನಿಂತು ಟಾರ್ಚು ಬಿಟ್ಟು ನೋಡಿದರು. ಟೈರು, ರಿಮ್ಮು, ಮಡ್‌ಗಾರ್ಡಿನ ಒಳಗೆಲ್ಲ ಕೆಂಪು ಕೆಸರು. ಠಾಣೆಯಲ್ಲಿದ್ದ ಸೈಕಲ್ಲಿನ ಮಡ್‌ಗಾರ್ಡಿನೊಳಗೆ ಬೆರಳು ಹಾಕಿ ನೋಡಿದ್ದು ನೆನಪಾಯಿತು. ಒಣ ಧೂಳು ಬಿಟ್ಟರೆ ಏನೂ ಇರಲಿಲ್ಲ.

ಅಂದರೆ ಆ ಸೈಕಲ್ಲು ತನ್ನ ಚಕ್ರದ ಮೇಲೆ ಈ ನೀರು ದಾಟಿಯೇ ಇಲ್ಲ.

ಒಂಬತ್ತನೇ ತಿರುವಿಗೆ ಬಂದಾಗ ಬೆಳಕು ಹರಿಯುತ್ತಿತ್ತು. ಎದುರಿನ ಬೆಟ್ಟಗಳು ಒಂದೊಂದಾಗಿ ಮೇಲೇಳುತ್ತಿದ್ದವು. ಪ್ರವಾಸಿಗಳು ಅದನ್ನು ನೋಡಲೆಂದೇ ಚಳಿಯಲ್ಲಿ ಎದ್ದು ಬರುತ್ತಾರೆ. ಸಾಹೇಬರು ಆ ಕಡೆಗೆ ಬೆನ್ನು ಹಾಕಿ ನೆಲದ ಮೇಲೆ ಮಂಡಿಯೂರಿದರು. ತಡೆಗೋಡೆಯ ಪಕ್ಕ ಬೊಗಸೆಯಗಲದ ಕಪ್ಪು ಕಲೆ ಇತ್ತು. ಬೆರಳಿಗೆ ಹಚ್ಚಿ ಮೂಸಿದರು. ಗೇರ್ ಆಯಿಲ್. ಹಳೆಯ ಗಾಡಿಯೊಂದು ಇಲ್ಲಿ ಹತ್ತು ನಿಮಿಷವಾದರೂ ನಿಂತು ತೊಟ್ಟಿಕ್ಕಿದೆ.

ಯಾರೋ ಸೈಕಲ್ಲನ್ನು ಗಾಡಿಯಲ್ಲಿ ತಂದು ಇಲ್ಲಿಂದ ಎಸೆದಿದ್ದಾರೆ. ಇದು ಅಪಘಾತವಲ್ಲ, ಕೊಲೆ. ಅಕ್ಕ ಉಳಿದಳು ಎಂದು ಅವರು ಗಟ್ಟಿಯಾಗಿಯೇ ಹೇಳಿಕೊಂಡರು. ಕಣಿವೆ ಆ ಮಾತನ್ನು ಇನ್ನೊಮ್ಮೆ ಹೇಳಿತು.

ವಾಪಸು ಏರು. ತುಳಿಯಲು ಆಗದೆ ಸೈಕಲ್ ನೂಕಿಕೊಂಡೇ ಹೊರಟರು. ಮಂಡಿ ಚೀರುತ್ತಿತ್ತು, ಗಡಿಯಾರ ನೋಡಿ ನೋಡಿ ಸಾಕಾಯಿತು. ಏಳು ಗಂಟೆಗೆ ನಾಲ್ಕನೇ ತಿರುವು ತಲುಪಿದಾಗ ನೀರಿನ ಆಚೆ ಹೆಂಡತಿ ನಿಂತಿದ್ದಳು. ಒಂದು ಕೈಯಲ್ಲಿ ಫ್ಲಾಸ್ಕು, ಇನ್ನೊಂದರಲ್ಲಿ ಗಂಡನ ಸ್ವೆಟರು.

"ಸ್ವೆಟರ್ ಬಿಟ್ಟು ಬಂದಿದ್ದೀರಿ. ಬುದ್ಧೀನೂ ಅದರ ಜೊತೆಗೇ ಬಿಟ್ಟು ಬಂದ್ರೋ ಏನೋ," ಎಂದಳು.

ಆಕೆ ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರವರ ಮಾತಿಗೆಲ್ಲ ತಂತಿ ಜೋಡಿಸಿದವಳು. ಕೇಳಿಸಿಕೊಂಡು ಸುಮ್ಮನಿರುವುದು ಅವಳ ಕಸುಬು, ಕೂಗುವುದು ಇವರದು. ಹಾಗಾಗಿಯೇ ಸಂಸಾರ ನಡೆದಿತ್ತು. ಸಾಹೇಬರು ಟೀ ಕುಡಿಯುತ್ತ ರಾಡಿ, ಎಣ್ಣೆ, ಎರಡನೇ ತಿರುವು ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದರು. ಬ್ರೇಕ್ ಬಿಟ್ಟದ್ದನ್ನು ಮಾತ್ರ ಹೇಳಲಿಲ್ಲ. ಹೇಳಿದರೆ ಪ್ರವಾಸ ಅಲ್ಲಿಗೇ ಮುಗಿಯುತ್ತಿತ್ತು. ಕಂಟ್ರಾಕ್ಟರನೇ ದಾರಿಯಲ್ಲಿ ಭಾವನನ್ನು ಅಡ್ಡಗಟ್ಟಿ, ಮುಗಿಸಿ, ಸೈಕಲ್ಲನ್ನು ಗಾಡಿಗೆ ಹಾಕಿರಬೇಕು ಎಂದರು.

"ಮೆತ್ತಗೆ ಮಾತಾಡಿ. ಮರದ ಮೇಲಿನ ಕಾಗೆ ಹಾರಿಹೋಯ್ತು." ಆಕೆ ಸೈಕಲ್ಲಿನ ರಿಮ್ಮನ್ನು ನೋಡುತ್ತಿದ್ದಳು. "ರೀ, ನಿಮ್ಮ ಗೀಟು ಯಾವಾಗ ಅಳಿಸಿತು?"

"ಅಂಗಳದಲ್ಲೇ. ಅಳಿಸದೆ ಅವಳು ಬಿಡೋದೇ ಇಲ್ವಲ್ಲ."

"ಮೇಷ್ಟ್ರದ್ದು ಅಳಿಸಿಲ್ಲ."

ಸಾಹೇಬರು ಟೀ ಕೆಳಗಿಟ್ಟು ರಿಮ್ಮಿನ ಕಡೆಗೆ ಬಗ್ಗಿದರು.

"ದಾರೀಲಿ ಅಡ್ಡ ಹಾಕಿದ್ರೂ, ಅಂಗಳದಲ್ಲಿ ಬ್ರೇಕ್ ಹಿಡಿದಿರ್ಬೇಕು ತಾನೆ? ಎರಡು ಸುತ್ತು ಹೊಡೆಸಿಯೇ ಕಳಿಸಿದೆ ಅಂತ ಅವಳು ಪೊಲೀಸ್ರ ಮುಂದೆ ಹೇಳಿದ್ದಾಳೆ. ಇನ್ನೊಂದು ಮಾತು. ಈಗ ಬರೋವಾಗ ಲಾಡ್ಜಿನ ಕ್ಯಾಂಟೀನಲ್ಲಿ ಅವಳನ್ನ ನೋಡ್ದೆ. ಒಂಟಿ ಹೆಂಗಸು, ಎರಡು ತಿಂಡಿ ಕಟ್ಟಿಸ್ಕೊಂಡು ಹೋದ್ಲು."

ಸಾಹೇಬರಿಗೆ ತಮ್ಮ ಮೇಲೇ ಕೋಪ ಉಕ್ಕಿತು. ಎಂಥ ಕುರುಡು! ಈ ಮೆಕ್ಯಾನಿಕ್ಕನ್ನಾದರೂ ಉಳಿಸಬೇಕೆಂಬ ಹಟದಲ್ಲಿ, ಕಣ್ಣಿಗೆ ರಾಚುವಂತಿದ್ದ ಆ ಗೀಟು ಹೇಳುತ್ತಿದ್ದದ್ದೇ ಕೇಳಿಸಿರಲಿಲ್ಲ. ಮಿಕ್ಕ ಏರನ್ನು ಅವರು ಸೈಕಲ್ ನೂಕುತ್ತ, ಹೆಂಡತಿಗಿಂತ ನಾಲ್ಕು ಹೆಜ್ಜೆ ಮುಂದೆಯೇ ಹತ್ತಿದರು.

ಎಂಟಕ್ಕೆ ಹತ್ತು ನಿಮಿಷವಿದ್ದಾಗ ಅಂಗಡಿ ತಲುಪಿದರು. ಅಂಗಳದ ಮೂಲೆಯಲ್ಲಿ, ಸೈಕಲ್ ಸಾಗಿಸುವ ಅವಳ ಹಳೆಯ ಪಿಕಪ್ ಗಾಡಿ ನಿಂತಿತ್ತು. ಸಾಹೇಬರು ಬಗ್ಗಿ ಅದರ ಅಡಿಗೆ ಕೈ ಹಾಕಿದರು. ನೆಲದ ಮೇಲೆ ಕಪ್ಪು ಕಲೆ. ಮೂಸಿದರು. ಅದೇ.

ಸೈಕಲ್ ಅಕ್ಕ ಮುಂಗಡೆಯ ಹಲಗೆಯ ಮೇಲೆ ಕೂತು ಪಂಕ್ಚರ್ ಟ್ಯೂಬೊಂದನ್ನು ಬಕೆಟ್ಟಿನ ನೀರಿನಲ್ಲಿ ಅದ್ದುತ್ತಿದ್ದಳು. ಅವಳ ಬೆನ್ನ ಹಿಂದೆ ಹಲಗೆಯ ಅಡ್ಡಗೋಡೆ, ಅದರಾಚೆ ಅವಳ ವಾಸದ ಕೋಣೆ. ಗೋಡೆಯ ತುಂಬ ಚಕ್ರಗಳು ನೇತಾಡುತ್ತಿದ್ದವು.

"ಸಾಕ್ಷಿ ಸಿಕ್ತಾ ಸಾಹೇಬ್ರೇ?"

"ಸಿಕ್ತು. ಬೇಕಾದ್ದಕ್ಕಿಂತ ಜಾಸ್ತೀನೇ ಸಿಕ್ತು." ಅವರ ಕಂಠ ತಾರಕಕ್ಕೇರಿತು. "ಆ ಸೈಕಲ್ಲು ನೀರು ದಾಟಿಲ್ಲ. ಈ ಅಂಗಳದಲ್ಲೂ ಒಂದು ಸುತ್ತು ಓಡಿಲ್ಲ. ನಿನ್ನ ಗಾಡೀಲಿ ಹೋಗಿದೆ. ಒಂಬತ್ತನೇ ತಿರುವಲ್ಲಿ ನಿನ್ನ ಗಾಡಿಯ ಎಣ್ಣೆ ಬಿದ್ದಿದೆ ಕಣಮ್ಮ."

ಟ್ಯೂಬು ನೀರೊಳಗೇ ಉಳಿಯಿತು. ಒಂದೇ ಸಮನೆ ಗುಳ್ಳೆ ಬರುತ್ತಿತ್ತು. ಅವಳು ತೂತು ಗುರುತು ಮಾಡಲಿಲ್ಲ.

"ಮೆತ್ತಗೆ ಮಾತಾಡಿ," ಎಂದಳು ಅವಳೂ. ಈ ಮಾತು ಹೇಳಲು ಅವಳು ಎರಡನೆಯವಳು.

"ಯಾಕೆ ಮೆತ್ತಗೆ? ನೀನು ನಿರಪರಾಧಿ ಅಂತ ಇಡೀ ರಾತ್ರಿ ನಿದ್ದೆಗೆಟ್ಟಿದ್ದೀನಿ. ಒಂಬತ್ತಕ್ಕೆ ಆ ಅಧಿಕಾರಿ ಬರ್ಲಿ, ಒಂದೂ ಬಿಡದೆ ಹೇಳ್ತೀನಿ. ಮೇಷ್ಟ್ರನ್ನ ಏನು ಮಾಡ್ದೆ?"

ಒಳಗೆಲ್ಲೋ ಟಿಕಟಿಕ ಎಂದು ಸಣ್ಣ ಸದ್ದಾಯಿತು. ಹೆಂಡತಿಯ ಕಿವಿ ನೆಟ್ಟಗಾಯಿತು. ಹಿಂದೆ ಯಾರಿದ್ದಾರೆ ಎಂದು ಕೇಳಿದಳು.

"ಬೆಕ್ಕು," ಎಂದಳು ಅಕ್ಕ ತಕ್ಷಣ. ಆಮೇಲೆ ಎದ್ದು ಹೋಗಿ ಬೀದಿ ಬಾಗಿಲು ಹಾಕಿಕೊಂಡು ಬಂದಳು. ಕೈ ಒರೆಸಿಕೊಂಡಳು, ಮತ್ತೆ ಒರೆಸಿಕೊಂಡಳು. ಜೈಲೆಂದರೆ ಹೆದರದವಳು ಈಗ ಹೆದರಿದ್ದಳು.

"ನನ್ನ ಕರ್ಕೊಂಡು ಹೋಗ್ಲಿ ಸಾಹೇಬ್ರೇ. ನೀವು ಬಾಯಿ ಬಿಡಬೇಡಿ, ನಿಮ್ಮ ಕಾಲು ಹಿಡ್ಕೋತೀನಿ. ಬರೀ ಎರಡು ದಿನ."

ಬೆಳಿಗ್ಗೆಯೂ ಅವಳು ಎರಡು ದಿನ ಅಂದಿದ್ದಳು. ಯಾಕೆ ಎರಡೇ ದಿನ ಎಂದು ಸಾಹೇಬರು ಕೇಳಿದರು, ಈ ಸಲ ಸ್ವಲ್ಪ ತಗ್ಗಿದ ದನಿಯಲ್ಲಿ.

ಆಗ ಅವಳು ಹೇಳಿದಳು. ಮೇಷ್ಟ್ರ ಶಾಲೆಯ ಹೊಸ ಗೋಡೆ ಕುಸಿದು ನಾಲ್ಕು ಮಕ್ಕಳು ಸತ್ತಿದ್ದವಂತೆ. ಗೋಡೆ ಕಟ್ಟಿಸಿದವನು ಈ ಭಾವಮೈದುನನೇ. ಸಿಮೆಂಟಿನ ಬದಲು ಮಣ್ಣು ತುಂಬಿಸಿದ್ದನ್ನು ಕಣ್ಣಾರೆ ಕಂಡವರು ಮೇಷ್ಟ್ರೊಬ್ಬರೇ. ನಾಡಿದ್ದು ಕೋರ್ಟಿನಲ್ಲಿ ಸಾಕ್ಷಿ. ಮನಸ್ಸು ಹಗುರ ಮಾಡ್ಕೊಳ್ಳಿ ಭಾವ ಎಂದು ಅವನು ಬೆಟ್ಟಕ್ಕೆ ಕರೆತಂದ. ಮೊನ್ನೆ ಸಂಜೆ ಲಾಡ್ಜಿನ ಮೆಟ್ಟಿಲ ಕೆಳಗೆ ನಿಂತು ಅವನು ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದದ್ದು ಮೇಷ್ಟ್ರ ಕಿವಿಗೆ ಬಿತ್ತು: ಬೆಳಿಗ್ಗೆ ಸೈಕಲ್ ಮೇಲೆ ಬರ್ತಾನೆ, ಒಂಬತ್ತನೇ ತಿರುವು, ಲಾರಿ ರೆಡಿ ಇರಲಿ.

"ಅವನಿಗಿಂತ ಮುಂಚೆ ನಾವೇ ಸಾಯಿಸಿಬಿಟ್ವಿ. ಲಾರಿ ಬರೋ ಮುಂಚೇನೇ ನಾನು ಸೈಕಲ್ಲು, ಅವರ ಒಂದು ಶೂ ಅಲ್ಲಿ ಎಸೆದು ಬಂದೆ. ಸತ್ತೋರನ್ನ ಯಾರೂ ಹುಡುಕಿಕೊಂಡು ಬರಲ್ವಲ್ಲ. ಅಧಿಕಾರಿ ಅವನ ಜೊತೆಗೇ ಊಟಕ್ಕೆ ಕೂರ್ತಾನೆ, ಇನ್ಯಾರಿಗೆ ಹೇಳೋದು? ನಾಡಿದ್ದು ಬೆಳಿಗ್ಗೆ ಮೇಷ್ಟ್ರು ನೆಟ್ಟಗೆ ಕೋರ್ಟಲ್ಲಿ ಎದ್ದು ನಿಲ್ಲಬೇಕು ಅಂತಿತ್ತು. ಗಡಿಬಿಡೀಲಿ ಎಂದಿನಂತೆ ಗೀಟು ಎಳೆದ್ಬಿಟ್ಟೆ. ಕೈಗೆ ಅಭ್ಯಾಸ. ಅಳಿಸೋಕೆ ನೆನಪಾಗ್ಲಿಲ್ಲ."

"ಗುರುತು ಪರಿಚಯ ಇಲ್ಲದೋರನ್ನ ಹೇಗೆ ನಂಬಿದೆ?" ಎಂದಳು ಸಾಹೇಬರ ಹೆಂಡತಿ.

"ಮೊನ್ನೆ ಸಂಜೆ ಸೈಕಲ್ ನೋಡೋಕೆ ಬಂದಿದ್ರು. ಬದುಕೋ ಆಸೆ ಇರೋರು ಬ್ರೇಕನ್ನ ಎರಡು ಸಲ ನೋಡ್ತಾರೆ. ಅವರು ನಾಲ್ಕು ಸಲ ನೋಡಿದ್ರು. ಆಮೇಲೆ ಸೈಕಲ್ ಹಿಡ್ಕೊಂಡೇ ಅತ್ತರು."

ಸಾಹೇಬರು ತಲೆಯ ಮೇಲೆ ಕೈಹೊತ್ತು ಕೂತರು. ಅಕ್ಕ ನಿರಪರಾಧಿಯೂ ಹೌದು, ಸುಳ್ಳಿಯೂ ಹೌದು. ಮೂವತ್ತೊಂದು ವರ್ಷದಲ್ಲಿ ಇಂಥ ಗಾಡಿಗೆ ಅವರು ಸರ್ಟಿಫಿಕೇಟ್ ಕೊಟ್ಟಿರಲಿಲ್ಲ. ಆದರೆ ಏನು ಮಾಡಬೇಕೆಂಬ ಬಗ್ಗೆ ಅನುಮಾನ ಉಳಿಯಲಿಲ್ಲ. ಒಂಬತ್ತಕ್ಕೆ ಬಾಯಿಗೆ ಬೀಗ ಹಾಕಬೇಕು. ಹಾಗೆಂದು ಒಳಗೆ ಅಡಗಿರುವ ಮೇಷ್ಟ್ರಿಗೇ ಧೈರ್ಯ ಹೇಳಿಬಿಡೋಣ ಎಂದು ಎದ್ದರು.

ಅಕ್ಕ ಅಡ್ಡಗೋಡೆಯ ಬಾಗಿಲು ತಳ್ಳಿದಳು.

ಚಾಪೆ ಹಾಸಿತ್ತು. ಬಿಚ್ಚಿದ ತಿಂಡಿಯ ಪೊಟ್ಟಣ ಅರ್ಧ ಉಳಿದಿತ್ತು. ಲೋಟದ ಟೀಯಿಂದ ಇನ್ನೂ ಹಬೆ ಏಳುತ್ತಿತ್ತು. ಮೂಲೆಯಲ್ಲಿ ಒಂದೇ ಒಂದು ಶೂ. ಹಿತ್ತಲ ಬಾಗಿಲು ಹಾರುಹೊಡೆದಿತ್ತು.

"ಇಲ್ಲೇ ಇದ್ರು," ಎಂದಳು ಅಕ್ಕ. "ಈಗ, ಈಗಷ್ಟೇ ಇಲ್ಲೇ ಇದ್ರು."

ಆ ಟಿಕಟಿಕ ಏನೆಂದು ಸಾಹೇಬರಿಗೆ ಆಗ ಹೊಳೆಯಿತು. ಸೈಕಲ್ಲನ್ನು ತುಳಿಯದೆ ನೂಕಿಕೊಂಡು ಹೋದರೆ ಹಿಂದಿನ ಚಕ್ರ ಮಾಡುವ ಸದ್ದು ಅದು. ಬೆಳಗಿನಿಂದ ಏರಿನುದ್ದಕ್ಕೂ ತಮ್ಮ ಸೈಕಲ್ಲಿನಲ್ಲೇ ಅದನ್ನು ಕೇಳಿಕೊಂಡು ಬಂದಿದ್ದರು. ಒಂಬತ್ತಕ್ಕೆ ಎಲ್ಲವನ್ನೂ ಹೇಳುತ್ತೇನೆ ಎಂದು ತಾವು ಅರಚಿದ್ದು ಹಲಗೆಯ ಆಚೆ ಕೂತಿದ್ದ ಮೇಷ್ಟ್ರಿಗೆ ಒಂದಕ್ಷರ ಬಿಡದೆ ಕೇಳಿಸಿತ್ತು. ಮಿಕ್ಕ ಮಾತು ಕೇಳಲು ಅವರು ನಿಂತಿರಲಿಲ್ಲ. ನಾಚಿಕೆಯಿಂದ ಸಾಹೇಬರ ಕಿವಿ ಸುಟ್ಟುಹೋದವು.

ಅಕ್ಕ ಗೋಡೆಯಲ್ಲಿ ಸೈಕಲ್ ನೇತುಹಾಕುವ ಗೂಟವನ್ನು ನೋಡುತ್ತಿದ್ದಳು. ಗೂಟ ಖಾಲಿಯಿತ್ತು. ಅವಳು ಏಪ್ರನ್ನಿನ ಜೇಬಿಗೆ ಕೈ ಹಾಕಿ ಸುರುಳಿ ಸುತ್ತಿದ ಎರಡು ತಂತಿ ಹೊರತೆಗೆದಳು.

"ಆ ಸೈಕಲ್ಲು ರಿಪೇರಿಗೆ ಇಟ್ಟಿದ್ದು ಸಾಹೇಬ್ರೇ. ಎರಡೂ ಬ್ರೇಕ್ ವೈರು ನನ್ನ ಹತ್ರಾನೇ ಇದೆ."

ಬೀದಿಯ ಕಡೆ ಜೀಪಿನ ಹಾರ್ನ್ ಕೇಳಿಸಿತು. ಒಂಬತ್ತಾಗಲು ಇನ್ನೂ ಮುಕ್ಕಾಲು ಗಂಟೆ ಇತ್ತು. ನಾನು ನೋಡಿಕೊಳ್ಳುತ್ತೇನೆ ಎಂದು ಕಣ್ಣಿನಲ್ಲೇ ಹೇಳಿ ಹೆಂಡತಿ ಮುಂಬಾಗಿಲಿಗೆ ನಡೆದಳು; ಅಕ್ಕನೂ ಅವಳ ಹಿಂದೆ ಹೋದಳು. ಸಾಹೇಬರು ಹಿತ್ತಲಿಗೆ ಓಡಿದರು.

ಹಿತ್ತಲ ಬೇಲಿ ದಾಟಿದರೆ ಬೆಟ್ಟದ ಆ ಮಗ್ಗುಲಿಗೆ ಇಳಿಯುವ ಹಳೆಯ ರಸ್ತೆ. ಕಡಿದಾದದ್ದು, ತಡೆಗೋಡೆಯಿಲ್ಲದ್ದು. ಮೊದಲ ತಿರುವು ಬೇಲಿಯ ಹತ್ತಿರದಿಂದಲೇ ಕಾಣುತ್ತಿತ್ತು. ಇಬ್ಬನಿಗೆ ಒದ್ದೆಯಾದ ಮಣ್ಣಿನಲ್ಲಿ ಟೈರಿನ ಗುರುತು ಕೆಳಕ್ಕೆ ಹೋಗಿತ್ತು. ಅದರ ಪಕ್ಕಕ್ಕೇ, ಬರಿಗಾಲನ್ನು ನೆಲಕ್ಕೊತ್ತಿ ಸೈಕಲ್ ನಿಲ್ಲಿಸಲು ಹೆಣಗಿದ ಉದ್ದನೆಯ ಗೀಟು. ಹದಿನೈದು ಮಾರು ಹೋಗಿ ಗೀಟು ನಿಂತುಬಿಟ್ಟಿತ್ತು. ಟೈರಿನ ಗುರುತು ಮಾತ್ರ ಮುಂದಕ್ಕೆ ಹೋಗಿತ್ತು.

ಸಾಹೇಬರು ಕೂಗಲು ಬಾಯಿ ತೆರೆದರು. ಸದ್ದು ಹೊರಡಲಿಲ್ಲ.

"ಮುಂದೆ ಹೆಂಗಸ್ರು ದಾರಿ ಬಿಡ್ಲಿಲ್ಲ, ಅದಕ್ಕೆ ಸುತ್ತಿ ಬಂದೆ," ಎಂದಿತು ಬೆನ್ನ ಹಿಂದಿನಿಂದ ಒಂದು ಗಂಡು ದನಿ. ಕಂಟ್ರಾಕ್ಟರ್ ಬೇಲಿಯ ಪಕ್ಕ ನಿಂತಿದ್ದ. ಇವತ್ತು ಅವನ ಕಣ್ಣು ಒಣಗಿತ್ತು, ನೋಟ ನೆಲದ ಮೇಲಿತ್ತು. ಅವನು ಬಗ್ಗಿ, ಮಣ್ಣಿನಲ್ಲಿ ಮೂಡಿದ್ದ ಬರಿಗಾಲಿನ ಗುರುತಿನ ಪಕ್ಕ ತನ್ನ ಅಂಗೈ ಇಟ್ಟು ಅಳತೆ ನೋಡಿದ.

"ಯಾರ ಕಾಲು ಸಾಹೇಬ್ರೇ ಇದು?"